ಬದುವಿನ ಮೇಲೆ ಬೂಟುಗಾಲು

ಎರೆಹೊಲಕ್ಕೆ ಬೂಟು ಹಾಕಿಕೊಂಡು ಬರುವ ಗಂಡಸನ್ನು ನಾನು ನಂಬುವುದಿಲ್ಲ. ಆನಂದಕುಮಾರ ಕರಿ ಬೂಟು ಹಾಕಿಕೊಂಡೇ ಬೈಕಿನಿಂದ ಇಳಿದ. ಹಿಂದಿನ ದಿನವಷ್ಟೇ ಮಳೆಯಾಗಿತ್ತು. ನನಗೆ ಒಳಗೊಳಗೇ ಖುಷಿಯಾಯಿತು.

"ತೊಗರಿ ಹೊಲದ ಡೆಮೊ ಇಲ್ಲೇ ಏನ್ರಿ?" ಎನ್ನುತ್ತಾ ತಲೆಯೆತ್ತಿದವನು ನನ್ನನ್ನು ಕಂಡು ಹೆಲ್ಮೆಟ್ಟು ಹಿಡಿದೇ ನಿಂತುಬಿಟ್ಟ.

"ಹೌದ್ರಿ. ಹಿಂದ ಒಮ್ಮೆ ನೋಡಾಕ ಬಂದಿದ್ರಲ್ಲ. ಹೊಲ ಅಲ್ಲ, ನನ್ನ."

ಅವನ ಕಿವಿ ಕೆಂಪಾದವು. ಆ ಕಿವಿಗಳು ನನಗೆ ಚೆನ್ನಾಗಿ ನೆನಪಿದ್ದವು.

ನಾಲ್ಕು ವರ್ಷದ ಹಿಂದೆ ಅವನು ಸಂತೆಕಲ್ಲೂರಿನ ನಮ್ಮ ಮನೆಗೆ ಕನ್ಯೆ ನೋಡಲು ಬಂದಿದ್ದ. ಅವಲಕ್ಕಿ ತಿಂದ, ಕದ್ದು ಕದ್ದು ನೋಡಿದ, ಹೊಲ ತೋರಿಸಿ ಎಂದು ನನ್ನ ಹಿಂದೆಯೇ ಬಂದ. ನಾನು ಅವತ್ತೇ ಮನಸ್ಸು ಕೊಟ್ಟುಬಿಟ್ಟೆ. ನಮ್ಮ ಕಡೆ ಬೇಡ ಎನ್ನುವುದನ್ನು ಯಾರೂ ಎದುರಿಗೆ ಹೇಳುವುದಿಲ್ಲ. ಸಂಬಂಧ ತಂದವರ ಬಾಯಲ್ಲೇ ಹೇಳಿಕಳಿಸುತ್ತಾರೆ. ಸಂಬಂಧ ತಂದಿದ್ದ ಮುದುಕಪ್ಪ ಕಾಕಾ ವಾರದೊಳಗೆ ಅವರ ಊರು ಲಿಂಗಸುಗೂರಿನಿಂದ ಮಾತು ಹೊತ್ತು ತಂದ.

"ಹುಡುಗಿ ಗಂಡಸಿನಂಗ ನಡೀತಾಳಂತವ್ವ."

"ಹುಡುಗಗ ಬ್ಯಾಸರಾಗಿತ್ತೇನು ಕಾಕಾ?" ನಾಚಿಕೆ ಬಿಟ್ಟು ಕೇಳಿದ್ದೆ.

"ಇಲ್ಲವ್ವ. ಚಾ ಕುಡ್ಯಾಕತ್ತಿದ್ದ."

ಅದು ಅವನ ಅವ್ವನ ಮಾತೇ ಇರಬೇಕೆಂದು ನಾಲ್ಕು ವರ್ಷವೂ ಆಕೆಯನ್ನೇ ಬೈದುಕೊಂಡೆ. ಅವನನ್ನು ಬೈಯಲು ಬಾಯಿ ಬರಲಿಲ್ಲ.

ಈಗ ಅಪ್ಪನ ಹೊಲ ನನ್ನ ಕೈಯಲ್ಲಿದೆ. ಯಾವ ಹೊಲದಲ್ಲಿ ಏನು ಬಿತ್ತಿದೆ, ಏನು ಸಿಂಪಡಿಸಿದೆ ಎಂಬ ದಾಖಲೆಯನ್ನು ತೊಗರಿ ಕೊಳ್ಳುವವರು ಮ್ಯಾಪಿನ ಸಮೇತ ಕೇಳುತ್ತಾರೆ. ಅದಕ್ಕೊಂದು ಸಾಫ್ಟ್‌ವೇರ್ ಆರಿಸಬೇಕಿತ್ತು. ಸಿಂಧನೂರಿನ ಅಂಗಡಿಯವರ ಸಾಫ್ಟ್‌ವೇರಿನಲ್ಲಿ ಮನೆಯಲ್ಲೇ ಕೂತು ಸ್ಯಾಟಲೈಟ್ ಚಿತ್ರದ ಮೇಲೆ ಬೆರಳೆಳೆದರೆ ಸಾಕು. ಆನಂದಕುಮಾರ ಮಾರುವುದರಲ್ಲಿ ಫೋನು ಹಿಡಿದು ಬದುವಿನ ಸುತ್ತ ನಡೆಯಬೇಕು. ನನ್ನ ಹೆಸರು ಹೇಳದೆ ಅವನನ್ನು ಡೆಮೊಗೆ ಕರೆದದ್ದೇ ಅವನ ನಡಿಗೆ ನೋಡಲು.

"ನಡೀರಿ," ಎಂದೆ.

ಹೆಜ್ಜೆ ಹೆಜ್ಜೆಗೂ ಮಣ್ಣು ಮೆತ್ತಿಕೊಂಡು ಬೂಟು ಎರಡರಷ್ಟು ದಪ್ಪವಾಯಿತು. ಅವನು ಕೋಳಿಯ ಹಾಗೆ ಕಾಲೆತ್ತಿ ಇಡತೊಡಗಿದ.

"ಹಿಂಗ ನಡದ್ರ ಮ್ಯಾಪಿನ್ಯಾಗ ನನ್ನ ಹೊಲ ಸೊಟ್ಟ ಬೀಳ್ತೈತ್ರಿ. ಗಂಡಸಿನಂಗ ನಡೀರಿ."

ಅವನು ಕೆಳತುಟಿ ಕಚ್ಚಿಕೊಂಡ. ತಿರುಗಿ ನೋಡಲಿಲ್ಲ. ಸುತ್ತು ಮುಗಿಸಿ, ಬೆವರು ಒರೆಸಿಕೊಳ್ಳುತ್ತಾ ಫೋನು ತೋರಿಸಿದ.

"ಅಳಿಸ್ರಿ. ಮತ್ತೊಮ್ಮೆ ನಡೀರಿ."

"ಸರೀನ ಬಂದೈತಲ್ರಿ?"

"ನನಗ ಸರಿ ಅನಿಸಿಲ್ರಿ."

ಈ ಸಲ ಬೂಟು ಬಿಚ್ಚಿ ಬದುವಿನ ಮೇಲಿಟ್ಟು ಬರಿಗಾಲಲ್ಲಿ ಹೊರಟ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಜಾಲಿಮುಳ್ಳು ನಟ್ಟು ಕೂತುಬಿಟ್ಟ. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಅವನ ಪಾದವನ್ನು ಕೈಯಲ್ಲಿ ಹಿಡಿದೆ. ಅವನು ಮುಳ್ಳು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ.

"ನೋವಾತೇನ್ರಿ?"

"ಇಲ್ರಿ."

"ಹಂಗಾರ ಇನ್ನೊಂದೀಟು ಒತ್ತಲೇನು?"

ಇಬ್ಬರೂ ನಕ್ಕೆವು. ಆ ನಗೆಯಲ್ಲಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಸಾಫ್ಟ್‌ವೇರೂ ಇವನದೇ, ಗಂಡನೂ ಇವನೇ ಎಂದು ನನ್ನ ಹುಚ್ಚು ಮನಸ್ಸು ಅಲ್ಲೇ ತೀರ್ಮಾನಿಸಿತು.

"ದುರ್ಗಾ," ಎಂದ ಮೆಲ್ಲಗೆ. "ನಾ ಇನ್ನೂ ಮದುವಿ ಆಗಿಲ್ಲ. ಯಾರನ್ನ ನೋಡಾಕ ಹೋದ್ರೂ ನೀನ ನೆನಪಾಗ್ತಿ."

"ಮತ್ತ ನಿಮ್ಮವ್ವಾರು? ಅವ್ರಿಗೆ ನನ್ನ ನಡಿಗಿ ಸೇರಲಿಲ್ಲಲ್ರಿ."

ಅವನು ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಕಣ್ಣು ಮುಚ್ಚಿ ನಂಬುತ್ತಿದ್ದೆ.

"ಅವ್ವ ಒಪ್ಪಿದ್ಲು. ಆ ಮಾತು ನಂದ. ನೀ ಮುಂದ ಮುಂದ ನಡದದ್ದು ನೋಡಿ, ಈಕಿ ಜೋಡಿ ನಾ ಏನೂ ಅಲ್ಲ ಅಂತ ಹೆದರಿದ್ದೆ. ನಿನಗ ಸುಳ್ಳು ಹೇಳಬಾರ್ದು ಅನಿಸ್ತು."

ಪಾದ ಇನ್ನೂ ನನ್ನ ಕೈಯಲ್ಲಿತ್ತು. ಕೆಳಗಿಟ್ಟೆ. ನಿಜ ಹೇಳಿದ್ದಕ್ಕೆ ಅವನ ಮೇಲೆ ಇನ್ನಷ್ಟು ಪ್ರೀತಿ ಬಂತು, ಅದೇ ನಿಜಕ್ಕೆ ಹೊಟ್ಟೆಗೆ ಬೆಂಕಿ ಬಿತ್ತು. ಬೆಂಕಿಯೇ ಗೆದ್ದಿತು.

"ಹೇಳಿಕಳಿಸ್ತೀನ್ರಿ," ಎಂದೆ, ಬೇಕೆಂದೇ ಸಿಹಿಯಾಗಿ ನಕ್ಕು.

ಅವನು ಬೂಟು ಕೈಯಲ್ಲಿ ಹಿಡಿದು, ಕುಂಟುತ್ತಾ, ತಿರುತಿರುಗಿ ನೋಡುತ್ತಾ ಹೋದ. ಅವನ ಮುಖದ ತುಂಬ ಆಸೆ ಇತ್ತು.

ಮರುದಿನ ಬೆಳಗ್ಗೆ ಮುದುಕಪ್ಪ ಕಾಕಾನನ್ನು ಲಿಂಗಸುಗೂರಿನ ಬಸ್ಸು ಹತ್ತಿಸಲು ಕರೆದುಕೊಂಡು ಹೋದೆ.

"ಸಿಂಧನೂರಿನವ್ರದು ತಗೊಂಡ್ಳು ಅಂತ ಹೇಳು ಕಾಕಾ. ಮತ್ತ, ಹುಡುಗಗ ನಡ್ಯಾಕ ಬರಂಗಿಲ್ಲಂತ, ಅದಕ್ಕ ಹುಡುಗನೂ ಬ್ಯಾಡಂತ ಅನ್ನು."

"ಇಷ್ಟು ಕಲ್ಲಾಗಬ್ಯಾಡವ್ವ."

"ಅವನ ಮಾತು ಹೊತ್ತು ತಂದಿಯಲ್ಲ? ನಂದೂ ಒಯ್ಯಿ."

ಹೇಳುವುದನ್ನೇನೋ ಹೇಳಿದೆ. ಬಸ್ಸು ಹೊರಡುವಾಗ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದೆ. ಕಿಟಕಿಯಿಂದ ಕಾಕಾ ನೋಡಿದ. ಮನೆಗೆ ಬಂದು, ಹೊಸ ಸಾಫ್ಟ್‌ವೇರಿನಲ್ಲಿ ಬೆರಳಿನಿಂದ ಗೆರೆ ಎಳೆದೆ. ಹೊಲ ಎಲ್ಲೂ ಸೊಟ್ಟ ಬೀಳಲಿಲ್ಲ.

ಸಂಜೆ ಕಾಕಾ ಬಂದು ಕಟ್ಟೆಯ ಮೇಲೆ ಕೂತ.

"ಏನಂದ?"

"ಆಕಿಗೆ ಬ್ಯಾಸರಾಗಿತ್ತೇನು ಅಂತ ಕೇಳಿದ. ಇಲ್ಲಪ್ಪ, ಚಾ ಕುಡ್ಯಾಕತ್ತಿದ್ಲು ಅಂದೆ."

"ನಾ ಅತ್ತದ್ದು ನೀ ನೋಡಿದ್ದಿ. ಸುಳ್ಳ್ಯಾಕ ಹೇಳಿದಿ?"

"ಬ್ಯಾಡ ಅನ್ನೋ ಮಾತು ಒಯ್ಯೋರು ಹಂಗ ಹೇಳಬೇಕವ್ವ. ಇಲ್ಲಾಂದ್ರ ಇಬ್ರೂ ಆಸೆ ಹಿಡ್ಕೊಂಡು ಕುಂದರ್ತಾರ."

ನಾನು ಕಾಕಾನ ಎದುರಿಗೆ ಬಂದು ಕೂತೆ.

"ಕಾಕಾ, ಆವತ್ತ ಅವ ಖರೇನ ಚಾ ಕುಡ್ಯಾಕತ್ತಿದ್ನೇನು?"

ಕಾಕಾ ಟವೆಲಿನಿಂದ ಮುಖ ಒರೆಸಿಕೊಂಡ.

"ಎಲ್ಲಿ ಚಾ ಬಿಡವ್ವ. ಹುಡುಗ ಅಳಾಕತ್ತಿದ್ದ. ಅವರ ಮನ್ಯಾಗ ಆವತ್ತ ಒಲಿನ ಹಚ್ಚಿರಲಿಲ್ಲ."