ಹಿರೇಕಣಿವೆಗೆ ಇಳಿದ ಹಳದಿ ದೋಣಿ

ನೆನೆಹಾಕಿದ ಅವರೆಕಾಳನ್ನು ಎರಡು ಬೆರಳ ನಡುವೆ ಹಿಚುಕಿ ಬೇಳೆ ಹಾರಿಸುತ್ತ ಕೂತಿದ್ದ ಗೋದಾ, ಪಾತ್ರೆ ಅರ್ಧ ತುಂಬಿದ ಮೇಲೆ ಕೈ ನಿಲ್ಲಿಸಿದಳು. ಮೊರದಲ್ಲಿ ಉಳಿದಿದ್ದ ಕಾಳನ್ನೆಲ್ಲ ಅಂಗೈಯಿಂದ ಅಂಚಿಗೆ ಸರಿಸಿ, ನಡುವೆ ಒಂದೇ ಒಂದು ದಪ್ಪ ಕಾಳು ಇಟ್ಟಳು.

"ಇದು ದ್ವೀಪ. ಮೇಲೊಂದು ಕಲ್ಲಿನ ಮಂಟಪ ಇದೆ. ಭಾನುವಾರ ನಾವು ಹೋಗೋದು ಇಲ್ಲಿಗೆ."

ಎದುರಿಗೆ ಕೂತು ಹಿಚುಕುತ್ತಿದ್ದ ಹಂಸಾ ಬಗ್ಗಿ ನೋಡಿದಳು. ಹಂಸಾ ಪಕ್ಕದ ಮನೆಯವಳು; ಸುಲ್ತಾನ್‌ಪೇಟೆಯಲ್ಲಿ ಗಂಡನ ಜೊತೆ ಲಗ್ನಪತ್ರಿಕೆಯ ಅಂಗಡಿ ನೋಡಿಕೊಳ್ಳುವವಳು. ಗೋದಾಳಿಗಿಂತ ಐದಾರು ವರ್ಷ ಚಿಕ್ಕವಳು.

"ಮತ್ತೆ ಈ ಸಿಪ್ಪೆಗಳು, ಗೋದಕ್ಕ?"

"ಮೋಟಾರ್ ಬೋಟು. ಭಾನುವಾರ ಜಾತ್ರೆ ಥರ ಓಡಾಡ್ತವೆ. ಈ ಕಡೆ ಮೀನುಗಾರರ ಬಲೆ. ಆ ಕಡೆಯಿಂದ ಈ ಕಡೆಗೆ ಊರಿನವರನ್ನ, ಬೈಕುಗಳನ್ನ ದಾಟಿಸೋ ದೊಡ್ಡ ದೋಣಿ. ನಾವು ದಡ ಹಿಡ್ಕೊಂಡೇ ಹೋಗಿ, ಇಲ್ಲಿ ಅಡ್ಡ ದಾಟಬೇಕು. ಅಲೆ ಬಂದ್ರೆ?"

"ಮೂತಿ ಅಲೆ ಕಡೆ ತಿರುಗಿಸಬೇಕು," ಹಂಸಾ ಪಾಠ ಒಪ್ಪಿಸಿದಳು.

ಅವರು ನೀರಿಗಿಳಿಸಲಿದ್ದ ಹಳದಿ ದೋಣಿ ಗಾಳಿ ತುಂಬಿಸುವ ಜಾತಿಯದು. ಗೋದಾಳ ಗಂಡ ರಾಘವ ನಿವೃತ್ತಿಯ ಉತ್ಸಾಹದಲ್ಲಿ ತರಿಸಿದ್ದ. ಅವನಿಗೆ ಮಂಡಿ ನೋವು ಶುರುವಾಗಿ ಅದು ಅಟ್ಟ ಸೇರಿತು. ಅದನ್ನು ಕೆಳಗಿಳಿಸಿದವಳು ಗೋದಾ. ಚಳಿಗಾಲಕ್ಕೆ ಮುಂಚೆ ಅವಳೂ ಹಂಸಾಳೂ ಈಜುಕೊಳದಲ್ಲಿ ಬೇಕೆಂದೇ ದೋಣಿ ಮಗುಚಿ, ಮತ್ತೆ ಹತ್ತುವುದನ್ನು ಕಲಿತಿದ್ದರು. ಊರಾಚೆಯ ಒಂದು ಪುಟ್ಟ ಕೆರೆಯಲ್ಲಿ ಹುಟ್ಟು ಹಾಕಿದ್ದೂ ಆಗಿತ್ತು. ದೊಡ್ಡ ನೀರಿಗೆ ಇಳಿಯುವುದು ಇದೇ ಮೊದಲು.

ವೆರಾಂಡದಿಂದ ರಾಘವ ಹೇಳಿದ: "ಗೋದಾ, ನಂದು ಒಂದೇ ಮಾತು. ನಿಮ್ಮ ಹುಟ್ಟಲ್ಲೇ ಹೋಗಿ, ನಿಮ್ಮ ಹುಟ್ಟಲ್ಲೇ ವಾಪಸ್ ಬಂದ್ರೆ ಫೆಬ್ರವರೀಲಿ ಶರಾವತಿ ಹಿನ್ನೀರಿಗೂ ಹೋಗಿ. ನಾನು ಉಸಿರೆತ್ತಲ್ಲ. ಯಾರೋ ಹಗ್ಗ ಕಟ್ಟಿ ಎಳ್ಕೊಂಡು ಬಂದ್ರು ಅಂತಾದ್ರೆ, ದೋಣಿ ಮತ್ತೆ ಅಟ್ಟಕ್ಕೆ."

"ಆಗಲಿ ರೀ," ಎಂದಳು ಗೋದಾ. ಶರಾವತಿಗೆ ಹೊರಟಿದ್ದ ಹೆಂಗಸರ ತಂಡದಲ್ಲಿ ಅವಳಿಗೊಂದು ಜಾಗ ಕಾದಿತ್ತು.

ಕಾರು ಓಡಿಸಲು ಒಪ್ಪಿದ್ದ, ಗೋದಾಳ ದೊಡ್ಡಪ್ಪನ ಮಗ ಶೀನಣ್ಣ ಆಗ ಒಳಗೆ ಬಂದ. ಹಂಸಾ ಹೊಸದಾಗಿ ತಂದ ಕಿತ್ತಳೆ ಬಣ್ಣದ ಜೀವರಕ್ಷಕ ಜಾಕೆಟ್ ತೊಟ್ಟು ನೋಡುತ್ತಿದ್ದಳು. ಬೆನ್ನ ಕೆಳಗಿನಿಂದ ಒಂದು ಪಟ್ಟಿ ಇಳಿಬಿದ್ದಿತ್ತು. ಅದನ್ನು ಕಾಲುಗಳ ನಡುವೆ ತಂದು ಮುಂದಿನ ಕೊಂಡಿಗೆ ಸಿಕ್ಕಿಸಬೇಕು.

"ಅಯ್ಯೋ ಗೋದಕ್ಕ, ಇದೇನಿದು, ಲಂಗೋಟಿ ಇದ್ದಹಾಗಿದೆ!"

"ದೋಣಿ ನಡೆಸಕ್ಕೋ, ಕುಸ್ತಿಗೋ ನೀವಿಬ್ರು ಹೊರಟಿರೋದು?" ಶೀನಣ್ಣ ಹೊಟ್ಟೆ ಹಿಡಿದು ನಕ್ಕ.

ಗೋದಾಳ ಕಿವಿ ಬಿಸಿಯಾಯಿತು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳನ್ನು ತೆಗೆದಳು. ಎರಡೂ ಜಾಕೆಟ್ಟಿನ ಪಟ್ಟಿಯನ್ನು ನೀಟಾಗಿ ಮಡಿಸಿ, ಒಳಬದಿಗೆ ಪಿನ್ನು ಹಾಕಿದಳು. ಸೀರೆಯ ನೆರಿಗೆಗೆ ಹಾಕುವಷ್ಟೇ ಅಚ್ಚುಕಟ್ಟಾಗಿ.

"ಇನ್ನು ಯಾರಿಗೂ ಕಾಣಲ್ಲ," ಎಂದಳು.

ಈಜುಡುಗೆಯ ಮೇಲೆ ಹಾಕಿಕೊಳ್ಳಲು ಮಂಡಿ ದಾಟುವ ಹೊಸ ನೀಲಿ ಕುರ್ತಾ ಕೂಡ ತಂದಿಟ್ಟಿದ್ದಳು.

*

ಭಾನುವಾರ ಬೆಳಿಗ್ಗೆ ಹಿರೇಕಣಿವೆ ಕೆರೆ ಹೊಗೆಯಾಡುತ್ತಿತ್ತು. ಏರಿಯ ಮೇಲೆ ನಿಂತರೆ ಆಚೆ ದಡ ಕಾಣಿಸದು. ಮಂಜು ಸರಿದಂತೆ ಮೊದಲು ಕುರುಚಲು ಗುಡ್ಡಗಳು, ಆಮೇಲೆ ನೀರಿನಲ್ಲಿ ನಿಂತೇ ಸತ್ತ ಬೋಳು ಮರಗಳ ಸಾಲು, ಅವುಗಳ ತುದಿಯಲ್ಲಿ ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತಿದ್ದ ನೀರುಕಾಗೆಗಳು ಮೂಡಿದವು. ಹರಿಗೋಲಿನವರು ಬಲೆ ಎತ್ತುತ್ತಿದ್ದರು. ದೂರದಲ್ಲಿ ದ್ವೀಪ, ಅದರ ನೆತ್ತಿಯ ಮೇಲೆ ನಾಲ್ಕು ಕಂಬದ ಮಂಟಪ. ಮೊರದಲ್ಲಿ ಕಾಳಿನಷ್ಟಿದ್ದದ್ದು ಇಲ್ಲಿ ಗೋದಾ ಎಣಿಸಿದ್ದಕ್ಕಿಂತ ಎಷ್ಟೋ ದೂರದಲ್ಲಿತ್ತು.

"ಫ್ಲಾಸ್ಕಲ್ಲಿ ಕಾಫಿ ಇದೆ, ನೀವು ಬರೋತನಕ ಮುಟ್ಟಲ್ಲ," ಎಂದ ಶೀನಣ್ಣ. "ಬೇಗ ಬನ್ರಮ್ಮ, ನನ್ನ ಮಾತಿಗೆ ನಾನು ಗ್ಯಾರಂಟಿ ಕೊಡಲ್ಲ."

ಹಂಸಾ ಮುಂದೆ, ಗೋದಾ ಹಿಂದೆ. ಹುಟ್ಟು ಎಡಕ್ಕೆ, ಬಲಕ್ಕೆ. ದಡದ ಜೊಂಡಿನ ಪಕ್ಕದಲ್ಲೇ ಸಾಗಿದರು. ಬಲೆಗಳಿಗೆ ಕಟ್ಟಿದ ಪ್ಲಾಸ್ಟಿಕ್ ಬಾಟಲಿಗಳನ್ನು ಸುತ್ತಿ ಹೋದರು. ಬೈಕು, ಹಾಲಿನ ಕ್ಯಾನು ತುಂಬಿದ ದೊಡ್ಡ ದೋಣಿ ದಾಟುವವರೆಗೂ ಕಾದರು. ಎಲ್ಲವೂ ಮೊರದಲ್ಲಿದ್ದಂತೆಯೇ. ಅಡ್ಡ ದಾಟುವ ಜಾಗ ಬಂತು.

"ಎಡ ನೋಡು, ಬಲ ನೋಡು. ಹೊರಡು!"

ಮುಕ್ಕಾಲು ದಾರಿ ಕಳೆದಿತ್ತು. ಮೋಟಾರಿನ ಸದ್ದು ಹಿಂದಿನಿಂದ ಬಂತು. ಪ್ರವಾಸಿಗರು ತುಂಬಿದ ಬೋಟೊಂದು ದಾರಿ ಬಿಟ್ಟು ಅವರತ್ತಲೇ ಬಾಗಿತು. ಎಲ್ಲರ ಕೈಯಲ್ಲೂ ಮೊಬೈಲು.

"ಆಂಟೀ, ಸೂಪರ್! ಹಾಯ್ ಹೇಳಿ!"

ಹಂಸಾ ನಕ್ಕು, ಹುಟ್ಟಿನಿಂದ ಒಂದು ಕೈ ತೆಗೆದು ಬೀಸಿದಳು.

"ಹಂಸಾ, ಅಲೆ! ಮೂತಿ ತಿರುಗಿಸು!"

ದೋಣಿ ಅರ್ಧ ತಿರುಗಿತು. ಮೊದಲ ಅಲೆ ಎತ್ತಿತು. ಎರಡನೆಯದು ಪಕ್ಕಕ್ಕೆ ಬಡಿಯಿತು.

ಆಕಾಶ ಮಗುಚಿತು.

ತಣ್ಣನೆಯ ನೀರು ಮೂಗಿನೊಳಗೆ ನುಗ್ಗಿತು. ಗೋದಾ ಮೇಲೆ ಬಂದು ಕೆಮ್ಮಿದಳು. ಕುರ್ತಾ ನೀರಿನಲ್ಲಿ ಕೊಡೆಯಂತೆ ಬಿಚ್ಚಿಕೊಂಡು ಎದೆಯ ತನಕ ತೇಲಿತ್ತು. ಅವಳ ಎರಡೂ ಕೈ ಅದನ್ನು ಹಿಡಿದು ತೊಡೆಯ ಮೇಲೆ ಎಳೆದುಕೊಂಡವು. ಅದು ಮತ್ತೆ ಮೇಲೆದ್ದಿತು. ಕೈಗಳು ಮತ್ತೆ ಎಳೆದವು.

ಆಮೇಲೆ ಹಂಸಾಳತ್ತ ತಿರುಗಿದಳು.

ಹಂಸಾಳಿಗೆ ಮುಖವಿರಲಿಲ್ಲ. ಅವಳ ಸಪೂರ ಮೈಗೆ ಸಡಿಲವಾಗಿದ್ದ ಜಾಕೆಟ್ ಅವಳನ್ನು ಬಿಟ್ಟು ತಾನೊಂದೇ ಮೇಲೆ ತೇಲಿ ಕಣ್ಣಿನವರೆಗೂ ಏರಿತ್ತು. ತೋಳುಗಳು ಎರಡೂ ಕಡೆ ಮೇಲಕ್ಕೆ ಸಿಕ್ಕಿಕೊಂಡಿದ್ದವು. ಕಿತ್ತಳೆ ಬಟ್ಟೆಯೊಳಗಿನಿಂದ ಗೊಳಗೊಳ ಸದ್ದು ಬರುತ್ತಿತ್ತು.

ಗೋದಾ ಈಜಿ ಬಂದು ಜಾಕೆಟ್ಟಿನ ಕೆಳಅಂಚು ಹಿಡಿದು ಎಳೆದಳು. ಇಳಿಯಿತು, ಬಿಟ್ಟೊಡನೆ ಏರಿತು. ಒಳಗೆ ಕೈ ಹಾಕಿ, ಅದನ್ನು ಕೆಳಗೆ ಹಿಡಿದಿಡಬೇಕಿದ್ದ ಪಟ್ಟಿ ಹುಡುಕಿದಳು. ಸಿಕ್ಕಿತು. ಪಿನ್ನೂ ಸಿಕ್ಕಿತು. ಮರಗಟ್ಟಿದ ಬೆರಳಿಗೆ ಅದು ಬಿಚ್ಚಲಿಲ್ಲ. ಅಷ್ಟು ಭದ್ರವಾಗಿ ಹಾಕಿದ್ದಳು.

ಪಿನ್ನು ಬಿಟ್ಟಳು. ಮಗುಚಿದ ದೋಣಿಯ ಬದಿಯ ಹಗ್ಗವನ್ನು ಹಂಸಾಳ ಕೈಗೆ ತುರುಕಿದಳು.

"ಇದನ್ನ ಹಿಡ್ಕೋ! ನಾನು ಜಾಕೆಟ್ ಎಳೀತೀನಿ. ಹಿಡ್ಕೊಂಡ್ಯಾ?"

ಮುಖ ಹೊರಬಂತು. ನೀಲಿಗಟ್ಟಿದ ತುಟಿ. ಹಂಸಾ ಒಂದು ದೊಡ್ಡ ಉಸಿರೆಳೆದು, ವಾಂತಿ ಮಾಡಿದಂತೆ ನೀರು ಕಾರಿದಳು.

ಉಸಿರು ಹದಕ್ಕೆ ಬರುವ ತನಕ ಕಾದರು. ಮಗುಚಿದ ದೋಣಿಯನ್ನು ಮತ್ತೆ ನೇರ ಮಾಡಿದರು. ಗೋದಾ ಕಾಲು ಬಡಿದು ಹತ್ತಲು ಹೋದಳು. ಕುರ್ತಾ ಮಂಡಿಗೆ ಸುತ್ತಿ ಕೆಳಗೆಳೆಯಿತು. ಮತ್ತೊಮ್ಮೆ. ಮೂರನೆಯ ಸಲ ಹೊಟ್ಟೆಯ ಮೇಲೆ ಬಿದ್ದಳು. ಹಂಸಾಳ ಭುಜ ಹಿಡಿದು ಮೇಲೆಳೆದಳು. ಒಂದು ಹುಟ್ಟು ಕೈಗೆ ಸಿಕ್ಕಿತು, ಇನ್ನೊಂದು ಪಕ್ಕದಲ್ಲೇ ತೇಲುತ್ತಿತ್ತು.

ಮೋಟಾರ್ ಬೋಟು ಮೆಲ್ಲಗೆ ಹತ್ತಿರ ಬಂದಿತ್ತು. ಈಗ ಯಾರೂ ಕೂಗುತ್ತಿರಲಿಲ್ಲ. ನಡೆಸುವವನ ಮುಖ ಬಿಳಿಚಿಕೊಂಡಿತ್ತು.

"ತಪ್ಪಾಯ್ತು ಮೇಡಂ. ಹಗ್ಗ ಎಸೀತೀನಿ, ಹಿಡ್ಕೊಳಿ. ದಡಕ್ಕೆ ಬಿಟ್ಬಿಡ್ತೀನಿ."

ಗೋದಾಳಿಗೆ ಶರಾವತಿ ನೆನಪಾಯಿತು. ನೆನಪಾದದ್ದಕ್ಕೇ ನಾಚಿಕೆಯಾಯಿತು.

"ನೀನು ಹೇಳು ಹಂಸಾ. ಹಗ್ಗ ಅಂದ್ರೆ ಹಗ್ಗ."

ಹಂಸಾ ಹಲ್ಲು ಕಟಕಟಿಸುತ್ತ ದ್ವೀಪದ ಕಡೆ ನೋಡಿದಳು. ಅದು ಈಗ ತಮ್ಮ ಮಲ್ಲೇಶ್ವರದಲ್ಲಿ ಒಂದು ಕ್ರಾಸಿನಿಂದ ಮುಂದಿನ ಕ್ರಾಸಿಗಿರುವಷ್ಟೇ ದೂರದಲ್ಲಿತ್ತು. "ಇಷ್ಟು ನೀರು ಕುಡಿದು ವಾಪಸ್ ಹೋಗ್ಲಾ? ಹಗ್ಗ ಬೇಡ. ಆದ್ರೆ ಅವರು ನಮ್ಮ ಹಿಂದೆನೇ ಬರ್ಲಿ. ನಿಧಾನಕ್ಕೆ!"

ಹಾಗೇ ಹೋದರು. ದ್ವೀಪದ ಮರಳಿಗೆ ದೋಣಿ ತಾಗಿತು. ಇಬ್ಬರೂ ಮಂಟಪದ ಬಿಸಿಲಿನಲ್ಲಿ ಕಂಬಕ್ಕೊರಗಿ ಕೂತರು. ಬೋಟಿನ ಹುಡುಗಿಯೊಬ್ಬಳು ತನ್ನ ಶಾಲು ತಂದು ಹಂಸಾಳಿಗೆ ಹೊದಿಸಿ ಹೋದಳು. ನಡುಕ ನಿಂತ ಮೇಲೆ ಗೋದಾ ಹಲ್ಲಿನಿಂದ ಕಚ್ಚಿ ಪಿನ್ನು ಬಿಚ್ಚಿದಳು. ಮೊದಲು ಹಂಸಾಳದು, ಆಮೇಲೆ ತನ್ನದು. ಬೋಟಿನವರೆಲ್ಲ ನೋಡುತ್ತಿರುವಂತೆಯೇ ಇಬ್ಬರೂ ಪಟ್ಟಿಯನ್ನು ಕಾಲ ನಡುವೆ ತಂದು ಕೊಂಡಿಗೆ ಸಿಕ್ಕಿಸಿದರು.

"ಲಂಗೋಟಿ," ಎಂದಳು ಹಂಸಾ. ನಗಲು ಹೋಗಿ ಅತ್ತಳು. "ನೀವಿಲ್ದೆ ಇದ್ದಿದ್ರೆ ಗೋದಕ್ಕ... ಒಂದು ಕ್ಷಣನೂ ತಡ ಮಾಡ್ಲಿಲ್ಲ ನೀವು. ತಕ್ಷಣ ಬಂದು ಹಿಡ್ಕೊಂಡ್ರಿ."

ಗೋದಾ ತನ್ನ ಕೈಗಳನ್ನೇ ನೋಡಿಕೊಂಡಳು. ಎರಡು ಸಲ. ಅವು ಎರಡು ಸಲ ಕುರ್ತಾ ಎಳೆದಿದ್ದವು. ಯಾರೂ ಹೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಹಂಸಾ ಮುಳುಗುತ್ತಿದ್ದ ಹೊತ್ತಿನಲ್ಲೂ ಅವಕ್ಕೆ ಮೈ ಮುಚ್ಚುವ ತಮ್ಮ ಕೆಲಸ ಗೊತ್ತಿತ್ತು.

ವಾಪಸ್ ದಾರಿಯಲ್ಲಿ ಗಾಳಿ ಎದ್ದಿತು. ಬಲಗಡೆಯಿಂದ ಸಣ್ಣ ಅಲೆಗಳು ಬಿಡದೆ ಬಡಿದವು. ಅಂಗೈಯಲ್ಲಿ ಬೊಕ್ಕೆ ಎದ್ದಿತು. ಇಬ್ಬರೂ ಎಡ, ಬಲ ಎಂದಷ್ಟೇ ಹೇಳಿಕೊಂಡರು. ಪ್ರತಿ ದೊಡ್ಡ ಅಲೆಗೂ ಮೂತಿ ತಿರುಗಿತು. ಹಿಂದೆ ದೂರದಲ್ಲಿ ಬೋಟು ಮೆಲ್ಲಗೆ ಬರುತ್ತಿತ್ತು. ಅದರ ಹಗ್ಗದ ಸುರುಳಿ ಬಿಚ್ಚಲಿಲ್ಲ.

ಶೀನಣ್ಣ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ, ಪ್ಯಾಂಟು ಮಡಿಸುವುದನ್ನೂ ಮರೆತು. ಏರಿಯ ಮೇಲಿನಿಂದ ಅವನಿಗೆ ಹಳದಿ ಬಣ್ಣ ಮಗುಚಿದ್ದು ಕಂಡಿತ್ತು. ಅವನೇ ದೋಣಿಯ ಮೂತಿ ಹಿಡಿದು ದಡಕ್ಕೆ ತಂದ. ಫ್ಲಾಸ್ಕಿನ ಮುಚ್ಚಳ ತೆರೆಯಲು ಅವನಿಗೆ ಆಗಲಿಲ್ಲ. ಹಂಸಾ ತೆರೆದುಕೊಟ್ಟಳು.

*

"ಹೇಗಾಯ್ತು?" ಎಂದು ರಾಘವ ಬಾಗಿಲಲ್ಲೇ ಕೇಳಿದ.

"ಮಗುಚ್ತು. ಹತ್ತಿದ್ವಿ. ನಮ್ಮ ಹುಟ್ಟಲ್ಲೇ ಬಂದ್ವಿ."

ಅವನು ಅವಳ ಬೊಕ್ಕೆ ಬಂದ ಅಂಗೈ ನೋಡಿದ, ಮುಖ ನೋಡಿದ. "ಮಾತು ಅಂದ್ರೆ ಮಾತು," ಎಂದು ಬಿಸಿನೀರು ಕಾಯಿಸಲು ಹೋದ.

ಸಂಜೆ ಗೋದಾ ಬಟ್ಟೆ ಒಣಹಾಕಲು ಮಹಡಿಗೆ ಹೋದಳು. ಒಳಉಡುಪು ಮರೆಮಾಡುವ ಮೂವತ್ತು ವರ್ಷದ ರೂಢಿಯಂತೆ ಕೈ ಮೊದಲು ಟವೆಲ್ಲು ಹರವಿ, ಅದರ ಮರೆಗೆ ಈಜುಡುಗೆ ಹಾಕಿತು. ಅವಳು ನಿಂತಳು. ಈಜುಡುಗೆ ತೆಗೆದು, ರಸ್ತೆಯ ಕಡೆಯ ತಂತಿಗೆ ಹಾಕಿ ಕ್ಲಿಪ್ಪು ಒತ್ತಿದಳು. ಜಾಕೆಟ್ಟನ್ನೂ ಅದರ ಪಕ್ಕಕ್ಕೆ, ಪಟ್ಟಿ ನೇರ ಕೆಳಗಿಳಿಯುವಂತೆ ಹಾಕಿದಳು.

ಬಕೆಟ್ಟಿನಲ್ಲಿ ನೀಲಿ ಕುರ್ತಾ ಉಳಿದಿತ್ತು. ಅದನ್ನು ಹಿಂಡಿ, ಮಡಿಸಿ, ಕೆಳಗೆ ತಂದು ನೆಲ ಒರೆಸುವ ಬಟ್ಟೆಗಳ ಜೊತೆ ಇಟ್ಟಳು.

"ಹೊಸದಲ್ವಾ ಅದು?" ಎಂದ ರಾಘವ.

"ಬಣ್ಣ ಹೋಯ್ತು ರೀ."

ಬಣ್ಣ ಹೋಗಿರಲಿಲ್ಲ. ಅವಳು ಮೊರ ಎಳೆದುಕೊಂಡು ಕೂತು, ಫ್ರಿಜ್ಜಿನಲ್ಲಿ ಉಳಿದಿದ್ದ ಅವರೆಕಾಳು ಸುರಿದುಕೊಂಡು ಹಿಚುಕತೊಡಗಿದಳು. ಶರಾವತಿಯ ನೀರಿಗೆ ಏನು ತೊಡಬೇಕೆಂದು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.