ಕರಗಿದ ನಾಲ್ಕು ಸಾವಿರ ಟ್ಯೂಬ್

“ಎಂಟನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನ ಕೈಗೆ ಫ್ರೀಜರ್ ಕೊಟ್ನಲ್ಲ, ನಾನೇ ಮುಠ್ಠಾಳ!”

ಸೋಮವಾರ ಬೆಳಿಗ್ಗೆ, ದೇವನಹಳ್ಳಿ ಹತ್ತಿರದ ಪ್ರಯೋಗಾಲಯದಲ್ಲಿ, ಹತ್ತು ಜನರೆದುರು ಡಾ. ವೇಣುಗೋಪಾಲ್ ನನ್ನತ್ತ ಬೆರಳು ತೋರಿಸಿ ಹೇಳಿದ ಮಾತು.

ಫ್ರೀಜರಿನಲ್ಲಿ ನಾಲ್ಕು ಸಾವಿರ ಟ್ಯೂಬ್ ರಕ್ತ ಕರಗಿಹೋಗಿತ್ತು. ಮಕ್ಕಳಾಗದ ಗಂಡಸರ ರಕ್ತ. ಮೈಯ ರೋಗನಿರೋಧಕ ಶಕ್ತಿಯೇ ಸ್ವಂತ ವೀರ್ಯಾಣುವನ್ನು ಶತ್ರುವೆಂದು ಕೊಲ್ಲುತ್ತದೆ, ಈ ಸೀಮೆಯ ಮಕ್ಕಳಾಗದವರಲ್ಲಿ ಮೂವರಿಗೊಬ್ಬರು ಅಂಥವರು ಎಂದು ತೋರಿಸಿ ಡಾಕ್ಟರ್ ಹೆಸರು ಮಾಡಿದ್ದರು. ಇಪ್ಪತ್ತೆರಡು ವರ್ಷದ ದುಡಿಮೆ.

ಶನಿವಾರ ಫ್ರೀಜರ್ ಸರ್ವಿಸ್ ಮಾಡಿದವನು ನಾನು, ಮುನಿರಾಜ್. ಈ ಮಾತು ಹಬ್ಬಿದರೆ ನಾಳೆಯಿಂದ ಯಾರೂ ನನ್ನಿಂದ ಮಷೀನ್ ಮುಟ್ಟಿಸುವುದಿಲ್ಲ. ಮೈ ಉರಿಯಿತು.

“ಒಂದು ಗಂಟೆ ಕೊಡಿ ಸಾರ್. ಆಮೇಲೆ ಬೇಕಾದ್ರೆ ಪೊಲೀಸ್ ಕರೀರಿ.”

* * *

ಪ್ಲಗ್ ಕಿತ್ತುಬಂದಿತ್ತು. ಹಾಕಿದೆ. ಮಷೀನ್ ಸಲೀಸಾಗಿ ಓಡಿತು. ಶನಿವಾರ ನಾನೇ ಹಾಕಿದ್ದ ಅಲಾರಂ ಬ್ಯಾಟರಿ ಮಾಯ.

ಕೋಣೆಯ ಕೀಲಿ ಡಾಕ್ಟರ್ ಬಿಟ್ಟರೆ ಇಬ್ಬರ ಬಳಿ. ಒಬ್ಬ ಕಿರಿಯ ಸಂಶೋಧಕ ಶ್ರೀಧರ್. ಇನ್ನೊಬ್ಬರು ಹಳ್ಳಿ ಹಳ್ಳಿ ಸುತ್ತಿ ರಕ್ತ ತರುತ್ತಿದ್ದ ಅಪ್ಪಯ್ಯಣ್ಣ.

ಹೋದ ವಾರ ಶ್ರೀಧರನಿಗೂ ಡಾಕ್ಟರಿಗೂ ಜಗಳವಾಗಿತ್ತಂತೆ. ಅವನನ್ನೇ ಕೇಳಿದೆ.

“ಆಗಿತ್ತು ಗುರು, ಸುಳ್ಳಲ್ಲ. ಎಲ್ಲಾ ಟ್ಯೂಬಿಗೂ ಡಿಎನ್‌ಎ ಟೆಸ್ಟ್ ಮಾಡಿಸೋಣ ಅಂತ ಹಟ ಹಿಡಿದಿದ್ದೆ. ಕೊನೆಗೆ ಒಪ್ಪಿದ್ರು. ಈ ಗುರುವಾರ ಕಳಿಸ್ಬೇಕಿತ್ತು. ನಾನ್ಯಾಕೆ ಹಾಳು ಮಾಡ್ಲಿ?”

ಅದೂ ಸರಿ.

* * *

ಅಪ್ಪಯ್ಯಣ್ಣ ಒಳಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದರು. ಬೆರಳಿಗೆಲ್ಲ ಬಟ್ಟೆ.

“ಕೈಗೇನಾಯ್ತಣ್ಣ?”

“ನಿನ್ನೆ ಇಲ್ಲೇ ಪಕ್ಕದ ವಿಜಯಪುರಕ್ಕೆ ಹೋಗಿದ್ನಪ್ಪ, ಭಾವಮೈದ ರೇಷ್ಮೆ ಬಿಚ್ತಾನೆ. ಗೂಡು ಬೇಯೋ ನೀರಲ್ಲಿ ಕೈ ಹೋಗ್ಬಿಡ್ತು.”

“ಸ್ವಲ್ಪ ಬಿಚ್ಚಿ.”

ಬೆರಳ ತುದಿಗಳು ಬಿಳಿಚಿ, ಮೇಣದಂತೆ ಗಟ್ಟಿಯಾಗಿದ್ದವು. ಡಾಕ್ಟರನ್ನು ಕರೆದೆ.

“ಬಿಸಿನೀರಾದ್ರೆ ಕೆಂಪಗಾಗ್ಬೇಕಿತ್ತು ಸಾರ್. ಫ್ರಿಜ್ಜಿಗೆ ಗ್ಯಾಸ್ ತುಂಬುವಾಗ ನನ್ ಕೈಯೂ ಹಿಂಗೇ ಆಗಿದೆ. ಇದು ಚಳಿ ಸುಟ್ಟಿರೋದು. ಬಾಗಿಲು ಹಾಕಿದ್ರೆ ಒಂದಿನಕ್ಕೆಲ್ಲ ಪೂರ್ತಿ ಕರಗಲ್ಲ. ಬರಿಗೈಲಿ ಟ್ರೇ ಎಲ್ಲಾ ಹೊರಗಿಟ್ಟು, ಕರಗಿದ್ಮೇಲೆ ವಾಪಸ್ ಜೋಡಿಸವ್ರೆ. ಅಣ್ಣಾ, ಡಿಎನ್‌ಎ ಅಂದ್ರೆ ನಿಮಗ್ಯಾಕೆ ಭಯ?”

ಅಪ್ಪಯ್ಯಣ್ಣ ಅತ್ತುಬಿಟ್ಟರು.

“ಯಾವ ಗಂಡಸು ಕೊಡ್ತಾನೆ ಸಾರ್? ‘ಹೆಂಡ್ತಿ ರಕ್ತ ತಗೋ, ಐಬು ಅವಳದು’ ಅಂತಾರೆ. ಬರಿಗೈಲಿ ಬಂದ್ರೆ ನಿಮ್ಮ ಮುಖ ಸಣ್ಣಗಾಗೋದು. ಅದ್ಕೇ ಇಪ್ಪತ್ತೆರಡು ವರ್ಷ, ತಿಂಗಳಿಗೆ ಐದು ಟ್ಯೂಬ್ ನನ್ನದೇ ತುಂಬ್ದೆ, ಬೇರೆ ಬೇರೆ ಹೆಸರಲ್ಲಿ. ಡಿಎನ್‌ಎ ನೋಡಿದ್ರೆ ಎಲ್ಲಾ ಒಬ್ಬಂದೇ ಅಂತ ಗೊತ್ತಾಗ್ಬಿಡುತ್ತೆ. ಕರಗಿದ್ರೆ ಟೆಸ್ಟ್ ಮಾಡ್ದೆ ಚೆಲ್ಬಿಡ್ತಾರೆ ಅಂದ್ಕೊಂಡೆ.”

ಡಾಕ್ಟರ್ ಕುರ್ಚಿ ಹಿಡಿದು ಕೂತರು.

“ನಿನಗೂ ಮಕ್ಕಳಿಲ್ಲ, ಅಲ್ವಾ?”

“ಇಲ್ಲ ಸಾರ್.”

“ಮೂವರಿಗೊಬ್ರು ಅಂತ ಬರೆದ್ನಲ್ಲೋ... ಆ ಒಬ್ಬ ನೀನೇನಾ ಅಪ್ಪಯ್ಯ?”

ಡಾಕ್ಟರ್ ಎದ್ದು ಬಾಗಿಲು ಮುಂದೆ ಮಾಡಿದರು.

“ಮುನಿರಾಜ್, ಇದನ್ನೆಲ್ಲ ಇವತ್ತೇ ಚೆಲ್ಲಿಸ್ತೀನಿ. ಮಷೀನ್ ಕೆಟ್ಟಿತ್ತು ಅಂತ ಒಂದು ಕಾಗದದಲ್ಲಿ ಬರೆದುಕೊಡ್ತೀರಾ? ನಾನು ರಿಟೈರಾಗೋಕೆ ಇನ್ನೆರಡೇ ತಿಂಗಳು...”

ನಾನು ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕಿಕೊಂಡೆ. ಏನೂ ಬರೆದುಕೊಡದೆ ಬಾಗಿಲು ತೆಗೆದು ಗೇಟಿನ ಕಡೆ ನಡೆದೆ.