ಬ್ಲಾಂಕೋ ಮತ್ತು ಒಂದು 'ನಡೀತದ'

"ಆ ಉಪ್ಪು, ನಿಂಬೆಹಣ್ಣು ಮೊದಲು ಎತ್ತಿಡ್ರಿ! ರುಚಿ ನೋಡಾಕ ಬಂದೀನಿ, ರುಚಿ ಮುಚ್ಚಾಕಲ್ಲ!"

ಹಾಗೆಂದು ತಲೆಯೆತ್ತಿದ ಶಿವಲಕ್ಷ್ಮಿ ಅಲ್ಲೇ ಕಲ್ಲಾದಳು.

ಕೌಂಟರಿನ ಆಚೆ ನಿಂತಿದ್ದವನು ನಾಮದೇವ. ತಾಂಡೂರಿನ ನಾಮದೇವ!

ಅಯ್ಯೋ... ಜಹೀರಾಬಾದಿನ ಈ ಹೋಟೆಲಿಗೆ ಬೇರೆ ಬಾರ್ ಮ್ಯಾನೇಜರ್ ಸಿಗಲೇ ಇಲ್ಲವೇ?

ಹೋದ ಬೇಸಿಗೆಯಲ್ಲಿ ಅವನು ನಾರಾಯಣಖೇಡಿಗೆ ಅವಳ ಮನೆಗೆ ಹೆಣ್ಣು ನೋಡಲು ಬಂದಿದ್ದ. ಮದ್ಯದ ರುಚಿ ನೋಡಿ ಹೇಳುವುದೇ ತನ್ನ ಕೆಲಸ ಎಂದಾಗ ನಗದಿದ್ದವನು ಅವನೊಬ್ಬನೇ. "ಉಗುಳಿದ ಮ್ಯಾಲೂ ರುಚಿ ಉಳೀತದೇನ್ರಿ?" ಎಂದು ಕುತೂಹಲದಿಂದ ಕೇಳಿದ್ದ. ಅಷ್ಟಕ್ಕೇ ಅವಳ ಮನಸ್ಸು ಸೋತಿತ್ತು.

ಆಮೇಲೆ ಅವನಪ್ಪ ಬಕ್ಕಪ್ಪ ಎಲ್ಲರೆದುರು ಕೇಳಿದ್ದರು. "ಹುಡುಗಿ ಹ್ಯಾಂಗದಾಳೋ?"

ಬಾಗಿಲ ಮರೆಯಲ್ಲಿ ಅವಳು ಕಿವಿಗೊಟ್ಟು ನಿಂತಿದ್ದಳು.

"ನಡೀತದ."

ನಡೀತದ! ಹಳೆಯ ಚಪ್ಪಲಿಗೆ ಹೇಳುವ ಮಾತು! ಅವಳೇ ಸಂಬಂಧ ಬೇಡವೆಂದಿದ್ದಳು.

"ಶಿವಲಕ್ಷ್ಮಿಯವ್ರ..." ನಾಮದೇವ ತಡವರಿಸಿದ.

"ಕೆಲಸದ ಮಾತಷ್ಟೇ ಆಡ್ರಿ."

ಲೇಬಲ್ಲಿಗೆ ಕಾಗದ ಸುತ್ತಿದ ಮೂರು ಬಾಟಲಿ. ಮೂರೂ ಬ್ಲಾಂಕೋ ಟಕೀಲಾ, ನೀರಿನಷ್ಟು ತಿಳಿ. ಹೋಟೆಲಿನ ಹೊಸ ಬಾರಿಗೆ ಒಂದನ್ನು ಆರಿಸಬೇಕು.

ಅವಳು ಮೂಸಿದಳು, ಒಂದೊಂದು ಗುಟುಕು ಬಾಯಲ್ಲಾಡಿಸಿ ಉಗುಳಿದಳು. ಮೊದಲನೆಯದರಲ್ಲಿ ಟಕೀಲಾದ ಮೂಲವಾದ ಬೆಂದ ಭೂತಾಳೆಯ ಸಿಹಿ, ಕರಿಮೆಣಸು, ಆಗತಾನೇ ತೊಳೆದ ತಾಂಡೂರು ಕಲ್ಲಿನ ನೆಲದ ತಂಪು. ಎರಡನೆಯದರಲ್ಲಿ ವೆನಿಲ್ಲಾ! ಅದು ಪೀಪಾಯಿಯ ಮರದಿಂದ ಇಳಿಯುವ ವಾಸನೆ; ಪೀಪಾಯಿಯನ್ನೇ ಕಾಣದ ಬ್ಲಾಂಕೋಗೆ ಎಲ್ಲಿಂದ ಬರಬೇಕು? ಮೂರನೆಯದು ಬರೀ ಉರಿ.

ನಾಮದೇವನೂ ರುಚಿ ನೋಡಿದ.

"ಮೊದಲನೇದು ಹ್ಯಾಂಗದ್ರಿ?"

"ನಡೀತದ್ರಿ."

"ಎರಡನೇದು?"

"ಅದೂ... ನಡೀತದ್ರಿ."

"ಮೂರನೇದಕ್ಕೂ ಅದನ್ನೇ ಅಂದ್ರ ಈ ಗ್ಲಾಸು ನಿಮ್ಮ ತಲಿ ಮ್ಯಾಲೆ ಒಡೀತದ!"

ಅವನು ಬಾಟಲಿಗೊಂದರಂತೆ ಮಾರ್ಗರೀಟಾ ಕಾಕ್‌ಟೇಲ್ ಮಾಡಲು ನಿಂತ. ನಿಂಬೆರಸ, ಕಿತ್ತಳೆ ಲಿಕ್ಕರ್, ಐಸು... ಅವನ ಕೈ ಎಷ್ಟು ಹದವಾಗಿ ಆಡುತ್ತಿತ್ತು! ಅದು ಇಷ್ಟವಾಯಿತೆಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಎರಡನೆಯ ಬಾಟಲಿ ನಿಂಬೆಯಲ್ಲಿ ಮುಳುಗಿ ಶರಬತ್ತಾಯಿತು. ಮೊದಲನೆಯದು ಮಾತ್ರ ಹುಳಿಯನ್ನು ಸೀಳಿ ಎದ್ದು ಬಂತು. ನುಂಗದಿದ್ದರೂ ಮೆಣಸು ನಾಲಿಗೆಯ ತುದಿಯಲ್ಲಿ ಉಳಿಯಿತು. ಅದನ್ನು ಸವಿದಾಗ ಅವನ ಕಣ್ಣರಳಿದ್ದನ್ನು ಅವಳು ನೋಡಿದಳು.

"ಕಣ್ಣು ಹೇಳ್ತಾವ. ಬಾಯಿಗೇನು ರೋಗ?"

ಅಷ್ಟರಲ್ಲಿ ಮಾಲೀಕ ಹಣಮಯ್ಯ ಬಂದರು. ಎರಡನೆಯದನ್ನು ಕುಡಿದು ತುಟಿ ಚಪ್ಪರಿಸಿದರು.

"ಇದೇ ಇರಲಿ. ಸಿಹಿ ಅದ."

"ಅದ್ರಾಗ ಏನೋ ಬೆರೆಸಿದಂಗದ್ರಿ," ಎಂದಳು ಶಿವಲಕ್ಷ್ಮಿ.

"ಮೇಡಂ, ಕುಡಿಯೋರಿಗೆ ಅದೆಲ್ಲ ಬೇಕಾಗಿಲ್ಲ. ಏನೋ ನಾಮದೇವ, ನಡೀತದಲ್ಲ?"

ಈಗ ಅದನ್ನೇ ಅನ್ನುತ್ತಾನೆ... ಅವಳು ಕಣ್ಣು ಮುಚ್ಚಿದಳು.

"ಇಲ್ರಿ ಸಾಹೇಬ್ರ. ನಡಿಯಂಗಿಲ್ಲ."

ಅವಳು ಕಣ್ಣು ತೆರೆದಳು!

"ಸಿಹಿ ಮುಂದ ಬರ್ತದ, ಹಿಂದ ಏನೂ ಇಲ್ಲ. ಮೊದಲನೇದೇ ಚಲೋ ಅದ. ಮೇಡಂ ಅಂದಿದ್ದು ಖರೆ."

ಹಣಮಯ್ಯ ಅವನನ್ನು ದಿಟ್ಟಿಸಿದರು. "ನಿನಗ ಬಾಯಿ ಯಾವಾಗ ಬಂತಪ್ಪಾ! ಆತು, ಅದನ್ನೇ ತರಸು," ಎಂದು ಹೊರಟುಹೋದರು.

ಶಿವಲಕ್ಷ್ಮಿ ನಾಮದೇವನತ್ತ ತಿರುಗಿದಳು. "ಟಕೀಲಾ ಸಲುವಾಗಿ ಬಾಯಿ ಬಂತು. ನನ್ನ ಸಲುವಾಗಿ ಯಾಕ ಬರಲಿಲ್ಲ?"

ಅವನು ತಲೆ ತಗ್ಗಿಸಿದ.

"ನಮ್ಮಪ್ಪಂದು ತೊಗರಿ ವ್ಯಾಪಾರ್ರಿ. ಸಣ್ಣಾಂವ ಇದ್ದಾಗ ಕಾಳು ಅಂಗೈಯಾಗ ಹಿಡಿದು, 'ಭಾಳ ಚಲೋ ಅದ' ಅಂದಿದ್ದೆ. ಅಪ್ಪ ತೊಡಿ ಚಿವುಟಿದ. ಮಾರೋರ ಮುಂದ ಹೊಗಳಿದ್ರ ರೇಟ್ ಏರ್ತದ, ಎಷ್ಟ್ ಚಲೋ ಇದ್ರೂ ನಡೀತದ ಅನ್ಬೇಕು ಅಂದ. ಅವತ್ತ ನಿಮ್ಮನಿಯಾಗೂ... ಬಾಜೂಕ್ಕೇ ಕುಂತಿದ್ದ."

"ನಾನೇನು ತೊಗರಿ ಚೀಲ ಏನ್ರಿ?!"

"ಅದು ಬಾಯಿಂದ ಹೊರಗ ಬಿದ್ದಾಗಿಂದ ನನಗ ನಾನೇ ಬೈಕೊಳ್ಳಾಕತ್ತೀನಿ."

ಅವಳಿಗೆ ಅಳು, ನಗು ಒಟ್ಟಿಗೇ ಬಂದವು. ಮೊದಲ ಬಾಟಲಿಯಿಂದ ಒಂದು ಹನಿ ಅಂಗೈಗೆ ಹಾಕಿ ಉಜ್ಜಿದಳು. ಕೈ ಮುಂದೆ ಚಾಚಿದಳು.

"ಸ್ಪಿರಿಟ್ ಹಾರಿ ಹೋದ ಮ್ಯಾಲೆ ಉಳಿಯೋದೇ ಖರೆ ವಾಸನಿ. ಈಗ ಹೇಳ್ರಿ. ಚಿವುಟಾಕ ಇಲ್ಲಿ ಯಾರೂ ಇಲ್ಲ."

ಅವನು ಬಾಗಿದ. ಅವನ ಉಸಿರು ಅವಳ ಅಂಗೈಗೆ ತಾಕಿತು...

"ಭಾಳ ಚಲೋ ಅದ."

"ಟಕೀಲಾನಾ?"

ಅವನು ಅವಳ ಮುಖವನ್ನೇ ನೋಡಿದ. "ಟಕೀಲಾ... ನಡೀತದ್ರಿ."

ಶಿವಲಕ್ಷ್ಮಿ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಮತ್ತೊಮ್ಮಿ ನಾರಾಯಣಖೇಡಿಗೆ ಬರ್ರಿ. ಆದ್ರ ಈ ಸಲ ನಿಮ್ಮಪ್ಪಾರನ್ನ ಸ್ವಲ್ಪ ದೂರ ಕೂಡಸ್ರಿ!"